ಬಾಯಲ್ಲಿ ಲವಂಗ

ನಮ್ಮಕ್ಕ ಪ್ರೇಮಲತಾ ಯಾರ ಬಗ್ಗೆಯೂ ಒಂದು ಕೆಟ್ಟ ಮಾತು ಆಡಿದವಳಲ್ಲ. ಗುಬ್ಬಿಯ ನಮ್ಮ ಕ್ರೈಸ್ತ ಸಭೆಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಹೊಗಳಿಕೆ ಅಂದುಕೊಂಡು ಹೇಳುತ್ತಾರೆ. ನನಗೆ ಮಾತ್ರ ಆ ಮಾತು ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ಇಷ್ಟು ದಿನ ಸುಮ್ಮನಿದ್ದೆ. ಕೇಳಿ ನೋಯಬೇಕಾದವರು ಈಗ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹುಟ್ಟುತ್ತಲೇ ಅವಳು ಹಾಗಿರಲಿಲ್ಲ. ಕುಣಿಗಲ್‌ನಲ್ಲಿ ಟೀಚರ್ ಆಗಿದ್ದಾಗ ಅವಳ ಬಾಯಿ ಬೊಂಬಾಯಿ. ನಮ್ಮ ಹೆಂಗಸರ ಪ್ರಾರ್ಥನಾ ಕೂಟಗಳಲ್ಲಿ ಕೊನೆಗೆ ಒಬ್ಬೊಬ್ಬರೂ ಪ್ರಾರ್ಥನೆಗೆ ವಿಷಯ ಕೊಡುವ ಪದ್ಧತಿ ಇದೆ. ಯಾರ ಮನೆಯ ಗುಟ್ಟೇ ಆಗಲಿ, ‘ಪ್ರಾರ್ಥನೆಗೋಸ್ಕರ ಹೇಳ್ತಿದೀನಿ’ ಅಂದುಬಿಟ್ಟರೆ ಪಾಪ ಅಂಟುವುದಿಲ್ಲ! ಹಾಗೆ ಒಂದು ದಿನ ಅಕ್ಕ, ತನ್ನ ಜೊತೆಯ ಟೀಚರ್ ಒಬ್ಬಳ ಮೂರ್ಛೆರೋಗ ವಾಸಿಯಾಗಲೆಂದು ಎಲ್ಲರೆದುರು ಕಣ್ಣೀರಿಟ್ಟು ಬೇಡಿಕೊಂಡಳು. ಆಮೆನ್ ಅನ್ನುವಷ್ಟರಲ್ಲಿ ಸುದ್ದಿ ಗಂಡಿನ ಮನೆ ಮುಟ್ಟಿತ್ತು. ನಿಶ್ಚಯವಾಗಿದ್ದ ಮದುವೆ ಮುರಿಯಿತು, ಆ ಹುಡುಗಿ ಊರು ಬಿಟ್ಟು ಹೋದಳು.

ಅಂದಿನಿಂದ ಅಕ್ಕ ಸೆರಗಿನ ತುದಿಯಲ್ಲಿ ಲವಂಗ ಗಂಟು ಹಾಕಿಕೊಂಡಳು. ಏನಾದರೂ ಹೇಳಬೇಕೆನಿಸಿದರೆ ಮೊದಲು ಲವಂಗ ಬಾಯಿಗೆ. ಅದರ ಖಾರ ಇಳಿಯುವವರೆಗೂ ತುಟಿ ಬಿಚ್ಚಬಾರದು. ನಿವೃತ್ತಿಯಾಗಿ ಗುಬ್ಬಿಗೆ ಬಂದು ನನ್ನ ಜೊತೆ ಇದ್ದ ಮೇಲೆ ಇಲ್ಲಿನ ಹೆಂಗಸರಿಗೂ ಅದನ್ನೇ ಕಲಿಸಿದಳು. ಕೂಟ ಮುಗಿದರೆ ಎಲ್ಲರ ಕೈಗೂ ಒಂದೊಂದು ಲವಂಗ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುವಳು. ಅತ್ತೆ ಸೊಸೆಯರ ಜಗಳ ನಿಜಕ್ಕೂ ಕಡಿಮೆಯಾಯಿತು, ಅದನ್ನು ಇಲ್ಲವೆನ್ನಲಾರೆ.

ನಮ್ಮ ಸಭೆಯ ಸುಗಂಧಮ್ಮನಿಗೆ ಗಂಡ ಇರಲಿಲ್ಲ. ರವಿಕೆ ಹೊಲಿದು ಒಬ್ಬಳೇ ಮಗಳು ಕೃಪಾಳನ್ನು ಓದಿಸಿದ್ದರು. ಅವಳಿಗೆ ಕುಣಿಗಲ್‌ನಿಂದ ಸಂಬಂಧ ಬಂತು. ಹುಡುಗ ಜಯರಾಜ್, ಅಕ್ಕ ವರ್ಷಗಟ್ಟಲೆ ಬಾಡಿಗೆಗಿದ್ದ ಮನೆಯ ಓನರ್ ಮಗ. ಎರಡು ಮನೆಗೂ ನಡುವೆ ಒಂದೇ ಗೋಡೆ. ಸುಗಂಧಮ್ಮ ನೆಟ್ಟಗೆ ಅಕ್ಕನ ಹತ್ತಿರ ಬಂದರು. ನಾನು ಅಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದೆ.

“ಪ್ರೇಮಕ್ಕ, ನೀವು ಆ ಮನೇಲೇ ಇದ್ರಲ್ಲ. ಹುಡುಗ ಹೆಂಗೆ? ನಂಗೆ ಕೇಳೋಕೆ ಇನ್ಯಾರವ್ರೆ ಹೇಳಿ.”

ಅಕ್ಕ ಸೆರಗಿನ ಗಂಟು ಬಿಚ್ಚಿ ಲವಂಗ ಬಾಯಿಗೆ ಹಾಕಿಕೊಂಡಳು. ಅದರ ಖಾರ ಇಳಿದ ಮೇಲೆ, “ಪ್ರಾರ್ಥನೆ ಮಾಡೋಣ ಸುಗಂಧ. ದೇವ್ರು ನೋಡ್ಕೋತಾನೆ,” ಅಂದಳು.

ಸುಗಂಧಮ್ಮನ ಮುಖ ಅರಳಿತು. “ಅಷ್ಟು ಸಾಕು ಬುಡಿ. ಏನಾದ್ರೂ ಇದ್ದಿದ್ರೆ ನೀವು ನನ್ನ ಕೈ ಬಿಡ್ತಿದ್ರಾ?”

ಯಾರನ್ನೂ ಕೆಟ್ಟವರೆನ್ನದವಳು ಇವನನ್ನೂ ಕೆಟ್ಟವನೆನ್ನಲಿಲ್ಲ, ಅಷ್ಟೇ. ಆ ತಾಯಿ ಅದನ್ನೇ ಒಪ್ಪಿಗೆ ಅಂದುಕೊಂಡರು. ಮೂರು ಭಾನುವಾರ ಸಭಾಪಾಲಕರು ದೇವಾಲಯದಲ್ಲಿ ಮದುವೆಯ ಪ್ರಕಟಣೆ ಓದಿದರು. ಅಡ್ಡಿ ಏನಾದರೂ ಗೊತ್ತಿದ್ದವರು ಈಗಲೇ ಹೇಳಬೇಕೆಂದು ಕೇಳಿ ಸ್ವಲ್ಪ ಹೊತ್ತು ಕಾದರು. ಮೂರು ಸಲವೂ ನನ್ನ ಪಕ್ಕದಿಂದ ಲವಂಗದ ವಾಸನೆ ಬಂತು.

ಎರಡು ವರ್ಷಕ್ಕೆ ಕೃಪಾ ವಾಪಸ್ ಬಂದಳು. ಗಂಡನ ಏಟಿಗೆ ಎಡಗಿವಿ ಪೂರ್ತಿ ಹೋಗಿತ್ತು. ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದವಳು ಕೂರಲೂ ಇಲ್ಲ.

“ಆಂಟಿ, ಅವ್ನು ಮೊದ್ಲು ಅವರಮ್ಮಂಗೂ ಹೀಗೇ ಹೊಡೀತಿದ್ನಂತೆ. ಅತ್ತೆನೇ ಹೇಳಿದ್ರು. ಗೋಡೆ ಆಚೆ ನಿಮಗೆ ಕೇಳಿಸ್ತಿರ್ಲಿಲ್ವಾ?”

ಅಕ್ಕ ಗಂಟಿಗೆ ಕೈ ಹಾಕಿದಳು, ಬಿಚ್ಚಲಿಲ್ಲ. “ಕೇಳಿಸ್ತಿತ್ತು ಕಣಮ್ಮ. ಹೇಳಿದ್ರೆ ಚಾಡಿ ಆಗುತ್ತೆ, ಇನ್ನೊಂದು ಮದುವೆ ನನ್ನ ಬಾಯಿಂದ ಮುರಿಯುತ್ತೆ ಅಂತ...”

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ಕುಕ್ಕಿದೆ. ಕೇಳಿಕೊಂಡು ಬಂದ ತಾಯಿಗೆ ನಿಜ ಹೇಳುವುದು ಚಾಡಿಯೇ? ಅಷ್ಟು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದವಳಿಗೆ ಇಷ್ಟೂ ತಿಳಿಯಲಿಲ್ಲವೇ? ಅಂದು ಆಡಬಾರದ್ದನ್ನು ಆಡಿ ಒಬ್ಬಳನ್ನು ಕೆಡಿಸಿದಳು, ಇಂದು ಆಡಬೇಕಾದ್ದನ್ನು ನುಂಗಿ ಇನ್ನೊಬ್ಬಳನ್ನು.

ಅಕ್ಕ ಚಪ್ಪಲಿ ಮೆಟ್ಟಿಕೊಂಡಳು. “ಈಗ್ಲೇ ಹೋಗಿ ಸುಗಂಧನ ಕಾಲು ಹಿಡೀತೀನಿ.”

ಕೃಪಾ ಬಾಗಿಲಿಗೆ ಅಡ್ಡ ನಿಂತಳು. “ಬೇಡ. ‘ಪ್ರೇಮಕ್ಕಂಗೇ ಗೊತ್ತಾಗ್ಲಿಲ್ಲ, ನಂಗೆ ಹೆಂಗೆ ಗೊತ್ತಾಗ್ತಿತ್ತು’ ಅಂತ ಅಮ್ಮ ಸಮಾಧಾನ ಮಾಡ್ಕೊಂಡವ್ರೆ. ಅದೂ ಹೋದ್ರೆ ಅವ್ರು ಉಳಿಯಲ್ಲ. ಇದನ್ನೂ ಬಾಯಲ್ಲೇ ಇಟ್ಕೊಳಿ ಆಂಟಿ. ನಿಮಗೆ ಅಭ್ಯಾಸ ಇದೆಯಲ್ಲ.”

ಕೃಪಾ ಈಗ ಕ್ಯಾತ್ಸಂದ್ರದ ಒಂದು ಹಾಸ್ಟೆಲಿನಲ್ಲಿ ವಾರ್ಡನ್. ಸುಗಂಧಮ್ಮ ಹೋದ ವರ್ಷ ಹಾಸಿಗೆ ಹಿಡಿದರು. ನಾವು ಕೊನೆಯ ಸಲ ನೋಡಲು ಹೋದಾಗ ಅಕ್ಕನ ಕೈ ಹಿಡಿದು ಬಿಡಲೇ ಇಲ್ಲ.

“ನನ್ನ ಮಗಳು ವಾಪಸ್ ಬಂದಾಗ ಊರೆಲ್ಲ ಆಡ್ಕೊಂಡ್ತು. ನೀವೊಬ್ರೇ ಒಂದು ಮಾತೂ ಆಡ್ಲಿಲ್ಲ ಪ್ರೇಮಕ್ಕ. ನಿಮ್ಮಂಥೋರು ಎಲ್ಲಿ ಸಿಗ್ತಾರೆ?”

ಅಕ್ಕ ಬಾಯಿ ತೆರೆದಳು. ಮಂಚದ ಆಚೆ ನಿಂತಿದ್ದ ಕೃಪಾ ಅವಳನ್ನೇ ನೋಡುತ್ತಿದ್ದಳು.

“ಪ್ರಾರ್ಥನೆ ಮಾಡೋಣ ಸುಗಂಧ,” ಅಂದಳು ಅಕ್ಕ.