ಇನ್ನೊಂದು ಗೇಣು

ನನ್ನ ಅಕ್ಷರ ಚೆನ್ನಾಗಿಲ್ಲ, ದಯವಿಟ್ಟು ಕ್ಷಮಿಸಿ. ಒಂಬತ್ತನೇ ತರಗತಿಯ ನಡುವೆಯೇ ಶಾಲೆ ಬಿಟ್ಟವಳು ನಾನು. ಪದಗಳು ತಪ್ಪಿದ್ದರೆ ತಿದ್ದಿಕೊಳ್ಳಿ, ಆದರೆ ವಿಷಯವನ್ನು ತಿದ್ದಬೇಡಿ. ಒಂದೊಂದನ್ನೂ ಎರಡೆರಡು ಸಲ ನೋಡಿಯೇ ಬರೆದಿದ್ದೇನೆ.

ಕಡಲ ದಂಡೆಯ ಹಳೆಯ ಗೋದಾಮಿನಲ್ಲಿ ನಮ್ಮ ಊರಿನ ಹಳೆಯ ಸಾಮಾನುಗಳ ಕೋಣೆ ಈ ಭಾನುವಾರ ತೆರೆಯುತ್ತದೆ. ಅದನ್ನು ನೋಡಿಕೊಳ್ಳುವವರು ನಿವೃತ್ತರಾದ ಭೂಗೋಳದ ಟೀಚರ್. ನಾವೆಲ್ಲ ಮೇಡಂ ಎನ್ನುತ್ತೇವೆ. ಅಲ್ಲಿ ಧೂಳು ಒರೆಸುವುದು, ಪ್ರತಿ ವಸ್ತುವಿನ ಕೆಳಗೆ ಇಡುವ ಫಲಕ ಬರೆಯುವುದು ನನ್ನ ಕೆಲಸ. ಜನರ ಮುಂದೆ ಬಾಯಿ ಬಿಡಬೇಕಾಗಿಲ್ಲದ ಕೆಲಸವಾದ್ದರಿಂದ ನನಗೆ ಇಷ್ಟ. ಅಂದು ಹಂಚುವ ಪುಸ್ತಿಕೆಗಾಗಿ ಊರಿನ ಒಬ್ಬ ಹಿರಿಯರ ಜೀವನ ಬರೆದುಕೊಡಿ ಎಂದು ಮೇಡಂ ಎಲ್ಲರಿಗೂ ಹೇಳಿದಾಗ, ನಾನು ಯೋಚಿಸದೆ ನನ್ನ ಅಜ್ಜನನ್ನೇ ಆರಿಸಿಕೊಂಡೆ.

ಅಜ್ಜನಿಗೆ ಈಗ ಎಂಬತ್ತೊಂದು. ಊರಿನ ಕೊನೆಯ ಹಗ್ಗ ಹೊಸೆಯುವವನು ಅವನೇ. ನಮ್ಮ ಬೀದಿ ಏಕೆ ಗೆರೆ ಎಳೆದಂತೆ ಇದೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಹಡಗಿನ ಹಗ್ಗವನ್ನು ನೇರವಾಗಿ ಚಾಚಿಯೇ ಹೊಸೆಯಬೇಕು. ಹಗ್ಗ ಎಷ್ಟು ಉದ್ದವೋ ಬೀದಿಯೂ ಅಷ್ಟೇ ಉದ್ದ, ಮುನ್ನೂರ ಹತ್ತು ಹೆಜ್ಜೆ. ನಾನು ಅಳೆದಿದ್ದೇನೆ. "ಬೀದಿ ನೇರ ಇದೆ ಕಣೇ, ಇಲ್ಲಿರೋ ಜನರ ಬಗ್ಗೆ ಮಾತ್ರ ಕೇಳ್ಬೇಡ" ಎಂದು ಅಜ್ಜ ನಗುತ್ತಿದ್ದ.

ಹೊಸೆಯುವವನು ಸೊಂಟಕ್ಕೆ ನಾರಿನ ಕಟ್ಟು ಸುತ್ತಿಕೊಂಡು, ಬೆರಳಲ್ಲಿ ನಾರು ಬಿಡುತ್ತಾ ಹಿಂದಕ್ಕೆ ನಡೆಯುತ್ತಾನೆ. ಅಜ್ಜ ನಲವತ್ತು ವರ್ಷ ಹಾಗೆ ನಡೆದವನು. ಈಗಲೂ ಜಗುಲಿಯ ಮೆಟ್ಟಿಲನ್ನು ಹಿಮ್ಮುಖವಾಗಿಯೇ ಇಳಿಯುತ್ತಾನೆ. ಅಮ್ಮ ಕಿರುಚಿದರೆ, "ಹಿಂದಕ್ಕೆ ನಡೆದೇ ನಿನ್ನ ಗಂಡನ್ನ ಮುಂದಕ್ಕೆ ತಂದಿದ್ದು, ಸುಮ್ನಿರಮ್ಮ" ಎನ್ನುತ್ತಾನೆ.

ಆಗ ಬೀದಿಯಲ್ಲಿ ಎರಡು ಹಗ್ಗದ ಅಂಗಡಿಗಳಿದ್ದವು. ಪಡುವಣ ತುದಿಯದು ನಮ್ಮದು, ಮೂಡಣ ತುದಿಯದು ಇನ್ನೊಬ್ಬರದು. ಯಾರ ಹಗ್ಗ ಎಂದು ತಿಳಿಯಲು ಪ್ರತಿ ಅಂಗಡಿಯವರೂ ಹಗ್ಗದ ಹೊಟ್ಟೆಯಲ್ಲಿ ಬಣ್ಣದ ಒಂದು ನೂಲು ಸೇರಿಸಿ ಹೊಸೆಯುತ್ತಿದ್ದರು. ಅದು ಹೊರಗೆ ಕಾಣುವುದಿಲ್ಲ, ಈ ತುದಿಯಿಂದ ಆ ತುದಿಯವರೆಗೂ ಒಳಗೇ ಓಡುತ್ತದೆ. ನಮ್ಮದು ನೀಲಿ, ಅವರದು ಕೆಂಪು. ಹಗ್ಗ ಹರಿದರೆ ಒಳಗಿನ ನೂಲು ಸಾಕ್ಷಿ ಹೇಳುತ್ತದೆ. ಶಾಲೆ ಬಿಟ್ಟು ಮನೆಯಲ್ಲಿ ಮಂಕಾಗಿ ಕೂತಿದ್ದ ನನಗೆ ಚೂಪು ಮರದ ಕಡ್ಡಿಯಿಂದ ಹಗ್ಗ ಬಿಚ್ಚಿ ಈ ನೂಲು ಹುಡುಕುವುದನ್ನು ಕಲಿಸಿದವನು ಅಜ್ಜನೇ. "ಪುಟ್ಟಿ, ಓದು ಬರದಿದ್ರೆ ಕತ್ತೆ ಬಾಲ. ಹಗ್ಗ ಓದು" ಎಂದಿದ್ದ. ಆ ದಿನ ನನಗೆ ಎಷ್ಟು ಧೈರ್ಯ ಬಂದಿತ್ತೆಂದು ಹೇಳಲು ನನ್ನಲ್ಲಿ ಪದಗಳಿಲ್ಲ.

ಐವತ್ತೇಳು ವರ್ಷದ ಹಿಂದೆ ಒಂದು ಸಂಜೆ ಬಿರುಗಾಳಿ ಎದ್ದಿತು. ದಕ್ಕೆಯಲ್ಲಿ ಕಬ್ಬಿಣದ ಗೂಟಕ್ಕೆ ಕಟ್ಟಿ ನಿಲ್ಲಿಸಿದ್ದ ಪ್ರಯಾಣಿಕರ ದೋಣಿಯ ಹಗ್ಗ ಹರಿದು, ದೋಣಿ ಬಂಡೆಗೆ ಬಡಿದು, ಹನ್ನೊಂದು ಜನ ಸತ್ತರು. ಆ ದೋಣಿಗೆ ಎರಡೂ ಅಂಗಡಿಯವರು ಹಗ್ಗ ಕೊಡುತ್ತಿದ್ದರು. ಮರುದಿನ ಬೆಳಿಗ್ಗೆ, ಗೂಟದಲ್ಲಿ ಉಳಿದಿದ್ದ ತುಂಡನ್ನು ಅಜ್ಜ ಎಲ್ಲರ ಮುಂದೆ ಬಿಚ್ಚಿ ತೋರಿಸಿದ. ಕೆಂಪು ನೂಲು. ಅಂದಿನಿಂದ ಮೂಡಣ ಅಂಗಡಿಗೆ ಯಾರೂ ಕಾಲಿಡಲಿಲ್ಲ. ಅದರ ಯಜಮಾನ ಅದೇ ದಕ್ಕೆಯಲ್ಲಿ ಮೂಟೆ ಹೊತ್ತು ಸತ್ತರು. ಇಷ್ಟು ನನಗೆ ಚಿಕ್ಕಂದಿನಿಂದ ಗೊತ್ತು.

ಎರಡು ತಿಂಗಳ ಹಿಂದೆ ಅಜ್ಜ ಆ ಹಗ್ಗದ ತುಂಡನ್ನು ಪೆಟ್ಟಿಗೆಯಿಂದ ತೆಗೆದು ನನ್ನ ಕೈಗೆ ಕೊಟ್ಟ. ಹೊರಗೆಲ್ಲ ಟಾರು ಮೆತ್ತಿತ್ತು, ತುದಿಯಲ್ಲಿ ಕೆಂಪು ನೂಲು ಕಾಣುತ್ತಿತ್ತು. "ನಿಮ್ಮ ಕೋಣೇಲಿ ಇಡಿ. ಬೋರ್ಡು ಮಾತ್ರ ನೀನೇ ಬರೀಬೇಕು" ಎಂದ. ನಾನು ಉಬ್ಬಿಹೋದೆ. ನಾಲ್ಕು ಸಲ ಬರೆದು ಹರಿದು, ಐದನೆಯ ಸಲ ಸರಿಯಾಗಿ ಬರೆದೆ: 'ದೋಣಿ ದುರಂತದ ಹಗ್ಗ. ಕೆಂಪು ನೂಲು, ಮೂಡಣ ಅಂಗಡಿ.'

ಆ ಅಂಗಡಿಯ ಯಜಮಾನರ ಮಗಳು ಈಗಲೂ ಅದೇ ಕಟ್ಟಡದಲ್ಲಿದ್ದಾರೆ. ಬಟ್ಟೆ ಹೊಲಿಯುತ್ತಾರೆ. ಬೀದಿಯ ಮಕ್ಕಳಿಗೆಲ್ಲ ಟೈಲರ್ ಅತ್ತೆ. ನಮ್ಮ ಮನೆಯಿಂದ ಮಾತ್ರ ಒಂದು ಗುಂಡಿ ಹಾಕಿಸುವುದಕ್ಕೂ ಯಾರೂ ಅಲ್ಲಿಗೆ ಹೋಗುವುದಿಲ್ಲ. ಆದರೂ ನಾನು ಐದನೇ ತರಗತಿಯಲ್ಲಿದ್ದಾಗ, ಹರಿದ ಯೂನಿಫಾರ್ಮನ್ನು ಚೀಲದಿಂದ ಮುಚ್ಚಿಕೊಂಡು ಹೋಗುತ್ತಿದ್ದವಳನ್ನು ಒಳಗೆ ಕರೆದು ಹೊಲಿದುಕೊಟ್ಟಿದ್ದರು. "ಮನೇಲಿ ಹೇಳ್ಬೇಡ, ನಿಮ್ಮಜ್ಜ ಹೊಲಿಗೆ ಬಿಚ್ಚಿಬಿಟ್ಟಾರು" ಎಂದು ನಕ್ಕಿದ್ದರು.

ಕಳೆದ ಸೋಮವಾರ ಅವರು ಕೋಣೆಗೆ ಬಂದರು. ಫಲಕವನ್ನು ಕನ್ನಡಕ ಹಾಕಿಕೊಂಡು ಓದಿದರು.

"ನಿನ್ನ ಅಕ್ಷರವೇನಮ್ಮ?"

"ಹೂಂ ಅತ್ತೆ."

"ಮುದ್ದಾಗಿದೆ." ಕನ್ನಡಕ ತೆಗೆದು ಮಡಚಿದರು. "ಅವತ್ತು ನಂಗೆ ಏಳು ವರ್ಷ. ಅಪ್ಪನ ಹೆಗಲ ಮೇಲೆ ಕೂತು ನೋಡ್ತಿದ್ದೆ. 'ಇದು ನನ್ನ ಕೈ ಹೊಸೆದಿದ್ದಲ್ಲ, ಇನ್ನೊಂದು ಗೇಣು ಬಿಚ್ಚಿ' ಅಂತ ಅಪ್ಪ ಕೂಗ್ತಾನೇ ಇದ್ರು. ಜನ ತಳ್ಳಿಬಿಟ್ರು. ಸಾಯೋ ದಿನಾನೂ ಅದೇ ಮಾತು. ನಿನ್ನ ಬೋರ್ಡಲ್ಲಿ ಅದೊಂದು ಮಾತೂ ಸೇರಿಸ್ತೀಯಾ? ಬೇರೇನೂ ಬೇಡ."

ಅವರು ಹೋದ ಮೇಲೆ, ಆ ಮಾತು ಸೇರಿಸಲೇ ಎಂದು ಮೇಡಂ ಅವರನ್ನು ಕೇಳಿದೆ. "ನಿಂಗೆ ಬಿಚ್ಚೋಕೆ ಬರುತ್ತಲ್ಲ, ನೋಡಿಬಿಡು" ಎಂದರು. ನಿಜ ಹೇಳುತ್ತೇನೆ, ನಾನು ಬಿಚ್ಚಿದ್ದು ಅಜ್ಜನ ಮಾತೇ ಸರಿ ಎಂದು ತೋರಿಸುವುದಕ್ಕೆ.

ಕಿಟಕಿಯ ಬಳಿ ಹಾಳೆ ಹಾಸಿ, ಟಾರು ಉದುರಿಸಿ, ಕಡ್ಡಿ ತೂರಿಸಿ ಬಿಚ್ಚುತ್ತಾ ಹೋದೆ. ಸರಿಯಾಗಿ ಒಂದು ಗೇಣಿಗೆ ಕೆಂಪು ನೂಲು ಮುಗಿಯಿತು. ಅದರ ಪಕ್ಕದಲ್ಲೇ ನೀಲಿ ನೂಲು ಶುರುವಾಗಿತ್ತು. ಅದರ ತುದಿ ಹರಿದಿರಲಿಲ್ಲ, ಚಾಕುವಿನಲ್ಲಿ ಕತ್ತರಿಸಿದಂತೆ ಸಪಾಟಾಗಿತ್ತು. ಇನ್ನರ್ಧ ಗೇಣು ಬಿಚ್ಚಿದೆ. ಅಲ್ಲೂ ನೀಲಿಯೇ. ಹೊಸದಾಗಿ ಹೊಸೆದಾಗ ಯಾವ ನೀಲಿ ಇತ್ತೋ ಅದೇ ನೀಲಿ, ಬಿಸಿಲೇ ಕಾಣದ ನೀಲಿ. ಒಳಗಿನ ನಾರು ಮಾತ್ರ ಬೆರಳು ತಾಗಿದರೆ ಪುಡಿಯಾಗುತ್ತಿತ್ತು.

ಮಧ್ಯಾಹ್ನ ಮನೆಗೆ ಬಂದೆ. ಅಜ್ಜ ಜಗುಲಿಯಲ್ಲಿ ಕೂತಿದ್ದ.

"ಅಜ್ಜ, ಆ ಹಗ್ಗ ಬಿಚ್ಚಿದೆ."

ಯಾವ ಹಗ್ಗ ಎಂದು ಅವನು ಕೇಳಲಿಲ್ಲ. "ಎಷ್ಟು ಬಿಚ್ಚಿದೆ?" ಎಂದ.

"ಒಂದೂವರೆ ಗೇಣು."

"ತುದಿ ನೋಡಿದ್ರೆ ಸಾಕಾಗ್ತಿತ್ತಲ್ಲ."

ನಾನು ಮೆಟ್ಟಿಲ ಮೇಲೆ ಕೂತೆ. ಅಜ್ಜ ನನ್ನ ಕಡೆ ನೋಡದೆ ಹೇಳಿದ. ಆ ವರ್ಷ ಅವನ ಅಪ್ಪ ಹಾಸಿಗೆ ಹಿಡಿದಿದ್ದರಂತೆ. ಒಬ್ಬನೇ ಅವಸರದಲ್ಲಿ, ಸರಿಯಾಗಿ ಒಣಗದ ನಾರಿನಲ್ಲಿ ಹೊಸೆದನಂತೆ. ಬಿರುಗಾಳಿಯ ಸಂಜೆ ಊರೆಲ್ಲ ಬಂಡೆಯ ಕಡೆ ಓಡಿದಾಗ ಅವನು ಗೂಟದ ಕಡೆ ಓಡಿದನಂತೆ. ಹರಿದ ತುದಿಯಲ್ಲಿ ನೀಲಿ ಕಂಡು ತುಂಡನ್ನು ಮನೆಗೆ ತಂದು, ಒಂದು ಗೇಣು ನೀಲಿ ನೂಲು ಕತ್ತರಿಸಿ ತೆಗೆದು, ಅದೇ ಜಾಗದಲ್ಲಿ ಕೆಂಪು ನೂಲು ತೂರಿಸಿ, ಬೆಳಗಾಗುವ ಮೊದಲೇ ತುಂಡನ್ನು ಮತ್ತೆ ಗೂಟಕ್ಕೆ ಕಟ್ಟಿ ಬಂದನಂತೆ.

"ನಮ್ಮಪ್ಪಂಗೆ ಗೊತ್ತಾಗಿದ್ರೆ ಅವತ್ತೇ ಪ್ರಾಣ ಬಿಡ್ತಿದ್ರು, ಪುಟ್ಟಿ."

"ಟೈಲರ್ ಅತ್ತೆಗೂ ಅಪ್ಪ ಇದ್ರಲ್ಲ, ಅಜ್ಜ."

ನನಗೆ ಇನ್ನೂ ಒಂದು ವಿಷಯ ಬೇಕಿತ್ತು. "ಇಷ್ಟು ವರ್ಷ ಬಚ್ಚಿಟ್ಟವನು ಈಗ ಯಾಕೆ ತೆಗೆದು ಕೊಟ್ಟೆ?"

"ಆ ಟೈಲರ್ ಹೆಂಗಸು ಅಪ್ಪನ ಕಥೆ ಸೇರಿಸಿ ಅಂತ ನಿಮ್ಮ ಮೇಡಂ ಹತ್ರ ಹೋಗೋಕೆ ಶುರು ಮಾಡಿದ್ಲು. ಒಂದು ಸಲ ಬೋರ್ಡು ಬಿದ್ರೆ ಮುಗೀತು ಅಂದ್ಕೊಂಡೆ. ನಾನು ಬರೆಸಿದ್ರೆ ಜನ ಒಂದು ಮಾತಾಡ್ತಾರೆ. ನೀನು ಸುಳ್ಳು ಬರಿಯೋಳಲ್ಲ ಅಂತ ಬೀದಿಗೆಲ್ಲ ಗೊತ್ತು. ನೀನು ಬರೆದ್ರೆ ನಂಬ್ತಾರೆ."

ಅವನು ಸುಳ್ಳು ಹೇಳಿದ್ದಕ್ಕೆ ನನಗೆ ನೋವಾಯಿತು. ಆದರೆ ಆ ಸುಳ್ಳಿಗೆ ನನ್ನ ಕೈ ಬಳಸಿಕೊಂಡಿದ್ದಕ್ಕೆ ಇನ್ನೂ ಹೆಚ್ಚು ನೋವಾಯಿತು. ಹಗ್ಗ ಓದಲು ಕಲಿಸಿದ ದಿನ ನನ್ನ ಮೇಲೆ ಪ್ರೀತಿ ಇತ್ತೋ, ಇದೇ ಲೆಕ್ಕಾಚಾರ ಇತ್ತೋ ಎಂದು ಈಗ ಅನುಮಾನ. ಅವನು ಎದ್ದು ಎಂದಿನಂತೆ ಹಿಮ್ಮುಖವಾಗಿ ಮೆಟ್ಟಿಲು ಇಳಿದ. ನಾನು ದಿನಾ ಕೈ ಹಿಡಿಯುತ್ತಿದ್ದೆ. ಆ ದಿನ ಹಿಡಿಯಲಿಲ್ಲ. ಅವನು ಗೋಡೆ ಹಿಡಿದುಕೊಂಡ.

ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಅಮ್ಮ ಬಂದು, "ಇವತ್ತೋ ನಾಳೆಯೋ ಅನ್ನೋ ಜೀವ. ನಾವು ಈ ಬೀದೀಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ? ಅದನ್ನ ಹಾಗೇ ಹೊಸೆದು ಇಟ್ಟುಬಿಡು" ಎಂದಳು. ಹಾಗೇ ಹೊಸೆದು ಇಡಲು ನನಗೆ ಬರುತ್ತದೆ. ಯಾರಿಗೂ ಗೊತ್ತಾಗುವುದಿಲ್ಲ. ಮೂರು ದಿನ ಹಗ್ಗವನ್ನು ಬಿಚ್ಚಿದಂತೆಯೇ ಬಿಟ್ಟೆ. ಟೈಲರ್ ಅತ್ತೆಯ ಅಪ್ಪ ಮೂಟೆ ಹೊತ್ತ ದಕ್ಕೆಗೆ ಹೋಗಿ ಆ ಗೂಟದ ಪಕ್ಕ ಕೂತು ಬಂದೆ. ಗೂಟದ ಸುತ್ತ ಹಗ್ಗ ಉಜ್ಜಿ ಉಜ್ಜಿ ಬೆರಳು ಹಿಡಿಸುವಷ್ಟು ಗೀರು ಬಿದ್ದಿದೆ.

ಅಜ್ಜ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ನನಗೂ ಅವನ ಮುಖ ನೋಡಲಾಗುತ್ತಿಲ್ಲ. ಹಾಗೆಂದು ಅವನ ಜೀವನದಲ್ಲಿ ನಾನು ಮೊದಲು ಬರೆದ ಯಾವುದನ್ನೂ ಹೊಡೆದುಹಾಕಿಲ್ಲ. ಅವನು ಒಳ್ಳೆಯ ಹಗ್ಗವನ್ನೂ ಹೊಸೆದಿದ್ದಾನೆ, ಇದನ್ನೂ ಮಾಡಿದ್ದಾನೆ.

ನಾಳೆ ಬೆಳಿಗ್ಗೆ ಟೈಲರ್ ಅತ್ತೆಯನ್ನು ಕೋಣೆಗೆ ಕರೆದುಕೊಂಡು ಬಂದು, ಬಿಚ್ಚಿದ ಹಗ್ಗವನ್ನು ಅವರ ಕೈಗೇ ಕೊಟ್ಟು ತೋರಿಸುತ್ತೇನೆ. ಆಮೇಲೆ ಹೊಸ ಫಲಕ ಬರೆಯುತ್ತೇನೆ: 'ನೀಲಿ ನೂಲು, ಪಡುವಣ ಅಂಗಡಿ, ಹೊಸೆದವನು ನನ್ನ ಅಜ್ಜ.' ಅದರ ಕೆಳಗೆ ಅತ್ತೆಯ ಅಪ್ಪನ ಮಾತನ್ನೂ ಬರೆಯುತ್ತೇನೆ.