ಮಡುವಿನ ಬಾಯಿಗೆ ಪರ್ಸಿ

ನೀರು ತನ್ನೊಳಗೆ ಬಂದ ಜೀವಿಗಳನ್ನೆಲ್ಲ ಸಮನಾಗಿ ಸಲಹುತ್ತದೆ. ಹೀಗೆ ಹೇಳುವವರು ಬೇಸಿಗೆಯಲ್ಲಿ ಮಡುವಿನ ದಂಡೆಗೆ ಹೋಗಿ ಮೂಗು ಮುಚ್ಚಿಕೊಂಡವರಲ್ಲ. ಇವತ್ತು ಅಂಗಳದ ನೀರಿನ ಟಾಕಿಯ ಮೇಲಿನ ಪರ್ಸಿ ಕಲ್ಲಿನ ಚಪ್ಪಡಿ ಸರಿಸಿದಾಗ ಅದೇ ಹಸಿರು ವಾಸನೆ ಬಂತು. ತೊಳೆಯುವ ಉತ್ಸಾಹವಿಲ್ಲದೆ ಕಟ್ಟೆಯ ಮೇಲೆ ಕುಳಿತೆ. ನೀವೂ ಕುಳಿತುಕೊಳ್ಳಿ, ಈ ವಯಸ್ಸಿನಲ್ಲಿ ಕೂತವನು ಬೇಗ ಏಳುವುದಿಲ್ಲ.

ಸೇಡಂನಲ್ಲಿ ಆಗ ಮಳೆಗಾಲಕ್ಕೆ ಕಾಗಿಣಾ ಹೊಳೆ ಉಕ್ಕಿ, ದಂಡೆಯಾಚೆಯ ತಗ್ಗಿನಲ್ಲಿ ಒಂದು ಮಡು ಬಿಟ್ಟು ಇಳಿಯುತ್ತಿತ್ತು. ಅದರ ಕಿರಿದಾದ ಬಾಯಿಯಿಂದ ಹೊಳೆಯ ಗೆಂಡೆ ಮೀನುಗಳು ಒಳಬಂದು, ನೀರು ಇಳಿಯುತ್ತಲೇ ಬಂದ ದಾರಿಯಲ್ಲಿ ಮರಳುತ್ತಿದ್ದವು. ಕೆಸರಿನಲ್ಲಿ ಉಳಿಯುತ್ತಿದ್ದುದು ಚೇಳುಮೀನು. ಮೇಲೆ ಬಂದು ಗಾಳಿ ಗುಟುಕರಿಸುತ್ತದೆ, ಮುಟ್ಟಿದವರನ್ನು ಕುಟುಕುತ್ತದೆ. ನಮ್ಮದು ಲಿಂಗ ಕಟ್ಟುವ ಮನೆ, ಮೀನಿನ ರುಚಿ ನನಗೆ ಗೊತ್ತಿಲ್ಲ. ಗೊತ್ತಿಲ್ಲದ ವಿಷಯದಲ್ಲಿ ಮಾತಿಗೆ ಅಡ್ಡಿ ಕಡಿಮೆ.

ನೆರೆಮನೆಯ ಮಗ್ದೂಮ್ ಚಾಚಾ ಸೈಕಲ್ ಅಂಗಡಿ ಇಟ್ಟಿದ್ದರು. ಅವರ ಮಗಳ ಮದುವೆ ಬೇಸಿಗೆಗೆ ಗೊತ್ತಾಗಿತ್ತು. ಊಟಕ್ಕೆ ಗೆಂಡೆ ಮೀನೇ ಬೇಕೆಂದು ತಾಂಡೂರಿನ ಬೀಗರು ಕೇಳಿದ್ದರು, ಚಾಚಾ ಮಾತು ಕೊಟ್ಟಿದ್ದರು. ಹೀಗಾಗಿ ಆ ವರ್ಷ ಹೊಳೆಯ ಮೊದಲ ನೆರೆ ಇಳಿಯುವ ಮುನ್ನವೇ ಮಡುವಿನ ಬಾಯಿಗೆ ಶಹಾಬಾದಿನ ಪರ್ಸಿ ನಿಲ್ಲಿಸಿ, ಸಂದಿಗೆ ಸಿಮೆಂಟು ಮೆತ್ತಿದರು. ಬೇರೆ ಸೀಮೆಯವರು ಮುಳ್ಳುಬೇಲಿ ಹಾಕುತ್ತಿದ್ದರು, ನೀರಾದರೂ ಆಡುತ್ತಿತ್ತು. ನಮ್ಮವರಿಗೆ ಪರ್ಸಿ, ಸಿಮೆಂಟು ಬಿಟ್ಟರೆ ಬೇರೆ ಯಾವುದರಲ್ಲೂ ನಂಬಿಕೆಯಿಲ್ಲ.

“ಮೀನಿಗಿ ಮನಿ ಕಟ್ಟೀನ್ರಿ ಶರಣರ. ಇನ್ನ ಎಲ್ಲಿ ಹೋಗ್ತಾವ?” ಎಂದು ಚಾಚಾ ನನಗೆ ಹೇಳಿದರು.

“ಬಾಗಲಾ ಇಲ್ಲದ ಮನಿಗಿ ಜೇಲ್ ಅಂತಾರ,” ಎಂದು ಚಾಚಿ, ನನಗೂ ತಿಳಿಯಲೆಂದು ಕನ್ನಡದಲ್ಲೇ ಅಂದರು.

ದಸರೆಯ ಮುಂಚಿನ ಎರಡನೇ ನೆರೆ ಪರ್ಸಿಯವರೆಗೆ ಬಂದು, ಹೊರಗೇ ನಿಂತು ಹೋಯಿತು. ಚಾಚಾ ದಿನಾ ಜೋಳದ ನುಚ್ಚು ಚೆಲ್ಲುತ್ತಿದ್ದರು. ಬಿಸಿಲು ಏರಿದಂತೆ ನುಚ್ಚು ಕೊಳೆಯಿತು, ನೀರು ತಗ್ಗಿ ಹಸಿರಾಯಿತು. ಮದುವೆ ವಾರವಿದೆ ಎನ್ನುವಾಗ ಒಂದು ಬೆಳಿಗ್ಗೆ ಗೆಂಡೆಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ನಡುವೆ ಚೇಳುಮೀನುಗಳು ಬಾಯಿ ಎತ್ತಿ ಗಾಳಿ ಕುಡಿದು ಮುಳುಗುತ್ತಿದ್ದವು.

“ಹೊಳೀ ನೀರು ಒಂದೀಟು ಒಳಗ ಬಿಡಬೇಕಿತ್ತು, ಚಾಚಾ,” ಎಂದೆ.

“ಈಗ ಹೊಳಿ ಎಲ್ಲದರಿ?” ಕಾಗಿಣಾ ಮರಳಾಗಿತ್ತು. ಚಾಚಾ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತರು. “ಬೀಗರಿಗಿ ಏನಂತ ಹೇಳ್ಲಿ?”

ಚಾಚಿ ಮೂಗಿಗೆ ಹಿಡಿದಿದ್ದ ಸೆರಗು ತೆಗೆದು, “ಬದನಿಕಾಯಿ ತೊಗೊಂಬರ್ರಿ,” ಎಂದರು. “ಅವು ಎಲ್ಲೂ ಓಡಿ ಹೋಗಲ್ಲ.”

ಮದುವೆಯಾದ ಮೇಲೆ ಚಾಚಾ ಪರ್ಸಿಗಳನ್ನು ಕಿತ್ತರು. ಒಂದನ್ನು ನನ್ನ ಟಾಕಿಗೆ ಮುಚ್ಚಳವಾಗಲೆಂದು ಕೊಟ್ಟರು. ಇಷ್ಟು ವರ್ಷ ಅದು ಬಿಗಿಯಾಗಿ ಕೂಡುತ್ತದೆಂದು ಹೊಗಳುತ್ತಿದ್ದೆ. ಇವತ್ತು ಅದನ್ನು ಗೋಡೆಗೆ ಒರಗಿಸಿ, ಟಾಕಿಗೆ ಹಳೆಯ ಸೊಳ್ಳೆಪರದೆ ಹೊದಿಸಿದೆ.

ಪರ್ಸಿ ಕಿತ್ತ ಮೇಲಿನ ಮಳೆಗೆ ಮಡುವಿಗೆ ಗೆಂಡೆ ಮತ್ತೆ ಬಂದವು. ಮದುವೆಯಲ್ಲಿ ಬದನೆಕಾಯಿ ಬಡಿಸಿದ್ದರು.