ಹಳದಿ ಹೂವಿನ ಪಾಚಿ

ಮೂವತ್ತೇಳನೆಯ ಇಸವಿಯಲ್ಲಿ ಹೊಳೆನರಸೀಪುರದ ಬೆಲ್ಲದ ಮಂಡಿಯ ನಂಜಯ್ಯ ಬೆಂಗಳೂರಿನಿಂದ ಒಂದು ಗಾಜಿನ ತೊಟ್ಟಿಯನ್ನೂ ಒಂದೆರಡು ಜೊತೆ ಕೆಂಪು ಮೀನುಗಳನ್ನೂ ರೈಲಿನಲ್ಲಿ ತಂದ. ಅದನ್ನು ಪಡಸಾಲೆಯಲ್ಲಿಟ್ಟು ಬಾವಿನೀರು ತುಂಬಿಸಿದ. ಬೆಳಗಾಗುವಷ್ಟರಲ್ಲಿ ನೀರು ಗಂಜಿಯಂತಾಗಿತ್ತು.

"ಲಿಂಗ ಕಟ್ಕಂಡೋರ ಮನೇಲಿ ಮೀನೇನ್ಲಾ?" ಎಂದು ತಾಯಿ ಗುರುಸಿದ್ದಮ್ಮ ಕೇಳಿದಳು.

"ತಿನ್ನಕ್ಕಲ್ಲ ಕಣವ್ವ, ನೋಡಕ್ಕೆ."

"ನೋಡಕ್ಕೆ ಅಂತ ಎಲ್ಡು ಸೊಸೇರ್ನ ತಂದ್ಕೊಟ್ಟಿವ್ನಿ, ಸಾಲ್ದಾ?"

ಇಬ್ಬರು ಸೊಸೆಯರಿದ್ದದ್ದು ನಿಜ. ಹಿರಿಯಳು ಕೊಣನೂರಿನ ರೇವಮ್ಮ. ಮಕ್ಕಳಾಗಲಿಲ್ಲವೆಂದು ನಂಜಯ್ಯ ನೀಲಾಂಬಿಕೆಯನ್ನು ತಂದ ಮೇಲೆ ರೇವಮ್ಮನ ಚಾಪೆ ಹಿತ್ತಲ ಕೋಣೆಗೆ ಹೋಗಿತ್ತು. ಅವಳು ಕೆರೆಯ ಏರಿಯ ಪಕ್ಕ ಬೆಳೆದವಳು. ತೊಟ್ಟಿಯ ನೀರು ಕೆಟ್ಟಾಗ ನಂಜಯ್ಯ ಕರೆದದ್ದು ಅವಳನ್ನೇ.

ರೇವಮ್ಮ ಹೇಮಾವತಿಯ ಮರಳು ತರಿಸಿ, ತೊಳೆದ ನೀರು ತಿಳಿಯಾಗುವವರೆಗೂ ತೊಳೆದಳು. ತಳಕ್ಕೆ ಕೆರೆಯ ಗೋಡುಮಣ್ಣನ್ನು ಹರಡಿ ಅದರ ಮೇಲೆ ಮರಳು ಹಾಕಿದಳು. ಹಿಂದೆ ಎತ್ತರ, ಮುಂದೆ ತಗ್ಗು. ಹೊಳೆಯ ಕರಿಕಲ್ಲುಗಳಲ್ಲಿ ದೊಡ್ಡದನ್ನು ನಟ್ಟನಡುವೆ ಇಡದೆ ಒಂದಿಷ್ಟು ಓರೆಗೆ ಇಟ್ಟಳು. ನೆಂಟರು ಕೂರುವ ಜಾಗದಲ್ಲಿ ಕೂತು ನೋಡಿದಳು, ಎದ್ದು ಹೋಗಿ ಕಲ್ಲನ್ನು ಸರಿಸಿದಳು, ಮತ್ತೆ ಬಂದು ಕೂತಳು. ನೀಳ ಎಲೆಯ ಗಿಡಗಳನ್ನು ಹಿಂದೆ, ಗಿಡ್ಡವನ್ನು ಮುಂದೆ ನೆಟ್ಟಳು. ಗೋಡು ಕದಡದಂತೆ ಒಳಗೊಂದು ತಟ್ಟೆಯಿಟ್ಟು ಅದರ ಮೇಲೆ ನೀರನ್ನು ನಿಧಾನವಾಗಿ ಸುರಿದಳು. ನೀರು ಪೂರಾ ತಿಳಿಯಾದ ಮೇಲೆಯೇ ಮೀನು ಬಿಟ್ಟಳು. ಹೊಳೆಯ ಒಂದು ತುಂಡನ್ನು ಕತ್ತರಿಸಿ ಪಡಸಾಲೆಯಲ್ಲಿಟ್ಟ ಹಾಗಿತ್ತು.

"ನಾನೇ ಕೂತು ಜೋಡ್ಸಿದ್ದು," ಎಂದು ನಂಜಯ್ಯ ಬಂದವರಿಗೆಲ್ಲ ಹೇಳಿಕೊಂಡ. ಮರಿಯಾದರೆ ಅಮಲ್ದಾರರ ಮನೆಗೆ ಕೊಡುತ್ತೇನೆಂದು ಮಾತನ್ನೂ ಕೊಟ್ಟ.

ಮೀನು ಮೊಟ್ಟೆಯಿಟ್ಟವು. ಇಟ್ಟ ಮೀನುಗಳೇ ಅವನ್ನು ತಿಂದವು. ಅದು ಅವುಗಳ ಸ್ವಭಾವ.

"ಎಲ್ಲಿ ನಂಜಯ್ಯನೋರೆ, ಮರಿ?" ಎಂದು ಜವಳಿ ಅಂಗಡಿಯ ದೊಡ್ಡಯ್ಯ ಪಡಸಾಲೆ ತುಂಬ ಜನರಿದ್ದಾಗ ಕೇಳಿದ.

"ಬಂಜೆ ಜೋಡ್ಸಿದ್ ತೊಟ್ಟೀಲಿ ಮರಿ ಎಲ್ಲಿಂದ ಬಂದಾವು? ಮೊದ್ಲು ಇವಳ್ನ ಬಾಗೂರಿನ ಹೊಲದ್ಮನೆಗೆ ಅಟ್ಬೇಕು," ಎಂದ ನಂಜಯ್ಯ. ಎಲ್ಲರೂ ನಕ್ಕರು.

ರೇವಮ್ಮ ಕಾಫಿಯ ತಟ್ಟೆ ಹಿಡಿದು ಬಾಗಿಲ ಹಿಂದೆ ನಿಂತಿದ್ದಳು. ತೊಟ್ಟಿ ಚೆನ್ನಾಗಿರುವಷ್ಟು ದಿನ ಅದು ಅವನದು, ಕೆಟ್ಟ ದಿನ ಅವಳದು. ತಟ್ಟೆಯನ್ನು ಅಡುಗೆಮನೆಯಲ್ಲಿಟ್ಟಳು. ಅಳಲಿಲ್ಲ. ಆಗಲಿ, ಈ ತೊಟ್ಟಿಯಲ್ಲಿ ಒಂದು ಮರಿಯೂ ಬದುಕಬಾರದು ಎಂದುಕೊಂಡಳು. ಆದರೆ ಅದಕ್ಕೆ ತನ್ನ ಕೈ ಕಾರಣವೆಂದು ಯಾರೂ ಹೇಳುವಂತಿರಬಾರದು. ಹೇಳಿದರೆ ಬಾಗೂರೇ ಗತಿ.

ಅಂದಿನಿಂದ ತೊಟ್ಟಿಯನ್ನು ರೇವಮ್ಮ ಮುಟ್ಟಕೂಡದೆಂದು ಗುರುಸಿದ್ದಮ್ಮ ಅಪ್ಪಣೆ ಮಾಡಿದಳು. ಕೆಲಸ ನೀಲಾಂಬಿಕೆಯ ಪಾಲಿಗೆ ಬಂತು.

ತವರಿನ ಮದುವೆಗೆ ಹೋದ ರೇವಮ್ಮ ಕೊಣನೂರಿನ ಕೆರೆಯಿಂದ ಒಂದು ಗಿಡ ತಂದಳು. ಬೇರಿಲ್ಲದೆ ತೇಲುವ, ಗರಿಯಂಥ ಎಲೆಯ ಗಿಡ. ಊರಿನವರು ಅದನ್ನು ಹಳದಿ ಹೂವಿನ ಪಾಚಿ ಎನ್ನುತ್ತಿದ್ದರು. ಅದರ ಎಲೆಗಳ ನಡುವೆ ಸಾಸಿವೆಗಿಂತ ಚಿಕ್ಕ ಚೀಲಗಳಿವೆ, ಪ್ರತಿಯೊಂದಕ್ಕೂ ಒಂದು ಬಾಗಿಲು. ಬಾಗಿಲ ಕೂದಲಿಗೆ ಹುಳು ತಗುಲಿದರೆ ಚೀಲ ತಟಕ್ಕನೆ ನೀರನ್ನೂ ಹುಳುವನ್ನೂ ಒಳಗೆ ಎಳೆದುಕೊಳ್ಳುತ್ತದೆ. ರೇವಮ್ಮ ಇದನ್ನು ಚಿಕ್ಕಂದಿನಲ್ಲೇ ಕಂಡಿದ್ದಳು. ಈಗ ಒಂದು ಎಸಳನ್ನು ಉಪ್ಪಿನಕಾಯಿಯ ಗಾಜಿನ ಜಾಡಿಯಲ್ಲಿ ಬಿಟ್ಟು, ಸೊಳ್ಳೆಮರಿ ಹಾಕಿ, ಇನ್ನೊಮ್ಮೆ ನೋಡಿ ಖಾತ್ರಿ ಮಾಡಿಕೊಂಡಳು. ಉಳಿದದ್ದನ್ನು ಗಂಡನಿಗೆ ಕೊಟ್ಟಳು.

"ಊವು ಬಿಟ್ರೆ ಚಿನ್ನದಂಗಿರ್ತದೆ. ನಾನಂತೂ ಮುಟ್ಟಾಕಿಲ್ಲ, ನೀವೇ ಬಿಡಿ."

ಅವನು ತನ್ನ ಕೈಯಾರೆ ಬಿಟ್ಟ. ಬೆಂಗಳೂರಿನಿಂದ ತರಿಸಿದ ಗಿಡವೆಂದು ದೊಡ್ಡಯ್ಯನಿಗೆ ಹೇಳಿದ.

ಮುಂದಿನ ಸಲ ಮೊಟ್ಟೆಯಾದಾಗ ನಂಜಯ್ಯ ಯಾರನ್ನೋ ಕೇಳಿ ತಿಳಿದು ದೊಡ್ಡ ಮೀನುಗಳನ್ನು ಹಂಡೆಗೆ ಹಾಕಿಸಿದ. ಮೊಟ್ಟೆ ಒಡೆದು, ಕಣ್ಣಿನ ರೆಪ್ಪೆಗೂದಲಿನಂಥ ಮರಿಗಳು ಹೊರಬಂದವು. ಹೊಸ ಮರಿಗೆ ಈಜಲು ಬಾರದು, ಮೊದಲ ದಿನಗಳಲ್ಲಿ ಎಲೆಗೆ ಅಂಟಿಕೊಂಡು ತೂಗುತ್ತದೆ. ಅವು ಹಳದಿ ಹೂವಿನ ಪಾಚಿಗೇ ಅಂಟಿಕೊಂಡವು. ವಾರ ಕಳೆಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ಮರಿಗಳನ್ನು ನೆನೆದು ರೇವಮ್ಮನಿಗೆ ಸಂಕಟವಾಯಿತು. ಆದರೂ ಪಾಚಿಯನ್ನು ತೆಗೆಸಲಿಲ್ಲ.

ಆದರೆ ಏಟು ಬಿದ್ದದ್ದು ಬೇರೆಯವರಿಗೆ. "ನಿನ್ ಕೈನೂ ಅಂಥದ್ದೇ ಏನೇ?" ಎಂದು ಗುರುಸಿದ್ದಮ್ಮ ನೀಲಾಂಬಿಕೆಯನ್ನು ಹಿಡಿದುಕೊಂಡಳು. "ಮೂರೊರ್ಸ ಆಯ್ತು, ಮಡ್ಲು ತುಂಬ್ನಿಲ್ಲ. ಅರಕಲಗೂಡಲ್ಲಿ ಒಂದು ಎಣ್ಣು ಐತೆ ಕಣ್ಲಾ ನಂಜ, ಏಳಿ ಕಳ್ಸಲಾ?"

ನಂಜಯ್ಯ ಬೇಡವೆನ್ನಲಿಲ್ಲ.

ನೀಲಾಂಬಿಕೆ ಹಿತ್ತಲಿಗೆ ಬಂದು ಒಗೆಯುವ ಕಲ್ಲಿನ ಮೇಲೆ ಕುಳಿತು ಅತ್ತಳು. "ಅಕ್ಕ, ನನ್ನ ಕೈಯಲ್ಲಿ ಏನೋ ಅದೆ. ನಾನು ಮುಟ್ಟಿದ್ದೆಲ್ಲ ಸಾಯ್ತವೆ."

ಈ ಹುಡುಗಿ ಅಳುವುದನ್ನು ನೋಡಬೇಕೆಂದು ರೇವಮ್ಮ ಒಂದು ಕಾಲದಲ್ಲಿ ಎಷ್ಟು ಆಸೆಪಟ್ಟಿದ್ದಳು! ಈಗ ಅದು ರುಚಿಸಲಿಲ್ಲ. ಒಳಗಿನಿಂದ ಜಾಡಿ ತಂದು ಬಿಸಿಲಿಗೆ ಹಿಡಿದಳು. ಜಾಡಿಯ ಉಬ್ಬಿನಲ್ಲಿ ಚೀಲಗಳು ದೊಡ್ಡದಾಗಿ ಕಂಡವು. ಒಂದರ ಬಾಯಲ್ಲಿ ಸೊಳ್ಳೆಮರಿಯ ಬಾಲ ಇನ್ನೂ ಅಲುಗುತ್ತಿತ್ತು.

ನೀಲಾಂಬಿಕೆ ಅಳು ನಿಲ್ಲಿಸಿ ಬಗ್ಗಿ ನೋಡಿದಳು. "ಇದನ್ನ ನೀವೇ ತಂದಿದ್ದಲ್ವಾ?"

"ಊಂ, ನಾನೇ. ಅತ್ತೇಗೆ ಓಗಿ ಏಳೋದಾದ್ರೆ ಏಳು. ನನ್ನ ಬಾಗೂರಿಗೆ ಅಟ್ತಾರೆ, ನೀನು ಬಚಾವಾಗ್ತೀಯ."

"ಏಳಿದ್ರೆ ಅರಕಲಗೂಡಿನೋಳು ಬರೋದು ನಿಂತದಾ?" ನೀಲಾಂಬಿಕೆ ಸೆರಗಿನಿಂದ ಮೂಗೊರೆಸಿಕೊಂಡಳು. "ಅದು ಅಲ್ಲೇ ಇರ್ಲಿ ಅಕ್ಕ. ನಾಳೆಯಿಂದ ನಾನೂ ಮುಟ್ಟಾಕಿಲ್ಲ."

"ಅಂಗಾದ್ರೆ ಯಾರು ನೋಡ್ಕತಾರೆ?"

"ಅವ್ರೇ ನೋಡ್ಕಳ್ಳಿ."

ಮಾರನೆಯ ದಿನ ನೀಲಾಂಬಿಕೆ ಅತ್ತೆಯ ಮುಂದೆ ಕೈಮುಗಿದು, ತನ್ನ ಕೈ ಒಳ್ಳೆಯದಲ್ಲ, ಮನೆಯ ಯಜಮಾನರೇ ಮುಟ್ಟಲಿ ಎಂದಳು. ಮುದುಕಿಗೆ ಇದು ಸರಿಯೆನಿಸಿತು. ನಂಜಯ್ಯ ಪಂಚೆ ಎತ್ತಿ ಕಟ್ಟಿ ತಾನೇ ನೀರು ಬದಲಿಸಿದ, ತಾನೇ ಮೀನುಗಳನ್ನು ಬೇರೆ ಮಾಡಿದ. ಮರಿಗಳಾದವು. ಊರಿನವರನ್ನೆಲ್ಲ ಕರೆದು ತೋರಿಸಿದ. ಎಂಟು ದಿನ ಬಿಟ್ಟು ಅವರೇ ಮತ್ತೆ ಬಂದಾಗ ಹೊಳೆಯುವ ನೀರಿನ ಮೇಲೆ ಹಳದಿ ಹೂ ಅರಳಿತ್ತು, ಕೆಳಗೆ ಏನೂ ಇರಲಿಲ್ಲ.

ದೊಡ್ಡಯ್ಯ ಗಾಜಿಗೆ ಮೂಗು ತಾಗಿಸಿ ಹುಡುಕಿದ. "ಅಲ್ಲ ನಂಜಯ್ಯನೋರೆ, ಮೊದ್ಲು ದೊಡ್ಡಮ್ಮಾರ ಕೈ ಅಂದ್ರಿ. ಆಮೇಲೆ ನಿಮ್ಮವ್ವ ಚಿಕ್ಕಮ್ಮಾರ ಕೈ ಅಂದ್ರು. ಇಬ್ರೂ ಬಿಟ್ರು. ಇನ್ನುಳಿದಿರಾದು ಒಬ್ರೇ ಅಲ್ವ್ರಾ?"

ಹೇಳಿದ ಮೇಲೆ ತಾನು ಹೇಳಿದ್ದೇನೆಂದು ದೊಡ್ಡಯ್ಯನಿಗೇ ಹೊಳೆಯಿತು. ಯಾರೋ ಕೆಮ್ಮಿದರು. ತೊಟ್ಟಿಲು ಕಾಣದ ಆ ಮನೆಯಲ್ಲಿ ಎಲ್ಲರಿಗೂ ಒಂದೇ ಯೋಚನೆ ಬಂದಿತ್ತು. ಆಮೇಲೆ ಮೂಲೆಯಲ್ಲೊಬ್ಬ ನಗು ತಡೆಯಲಾರದೆ ಕಿಸಕ್ಕೆಂದ.

ರೇವಮ್ಮ ಬಾಗಿಲ ಹಿಂದೆ ನಿಲ್ಲಲಿಲ್ಲ. ತಟ್ಟೆ ಹಿಡಿದು ಪಡಸಾಲೆಯ ನಡುವೆ ಬಂದಳು. ಗಂಡನ ಮುಂದೆ ನಿಂತು, ಕಿವಿಯ ತುದಿಯವರೆಗೆ ಕಪ್ಪಿಟ್ಟ ಅವನ ಮುಖವನ್ನು ಸಾವಕಾಶವಾಗಿ ನೋಡಿದಳು.

"ಕಾಫಿ ತಗಳಿ, ಆರೋಯ್ತದೆ," ಎಂದಳು.

ಮಾತು ಬೆಲ್ಲದ ಗಾಡಿಗಳ ಜೊತೆ ಚನ್ನರಾಯಪಟ್ಟಣಕ್ಕೂ ಅರಕಲಗೂಡಿಗೂ ಹೋಯಿತು. ಅರಕಲಗೂಡಿನವರು, ಹುಡುಗಿ ಇನ್ನೂ ಚಿಕ್ಕವಳು ಎಂದು ಹೇಳಿ ಕಳಿಸಿದರು. ಬಾಗೂರಿನ ಹೆಸರನ್ನು ನಂಜಯ್ಯ ಮತ್ತೆ ಎತ್ತಲಿಲ್ಲ. ಸಂಜೆಯ ಹೊತ್ತು ಅವನು ಒಬ್ಬನೇ ತೊಟ್ಟಿಯ ಮುಂದೆ ಕೂತು ನೀರನ್ನು ದಿಟ್ಟಿಸುತ್ತಿದ್ದ. ಅಡುಗೆಮನೆಯಿಂದ ಇಬ್ಬರೂ ಅವನನ್ನು ನೋಡುತ್ತಿದ್ದರು. ನೀಲಾಂಬಿಕೆಗೆ ಒಮ್ಮೊಮ್ಮೆ ಕನಿಕರ ಬರುತ್ತಿತ್ತು. ರೇವಮ್ಮನಿಗೆ ಆ ವರ್ಷವೂ ಬರಲಿಲ್ಲ, ಆಮೇಲೂ ಬರಲಿಲ್ಲ.